ನೀಲಿ ಟಾರ್ಚ್ ಹಿಡಿದರೂ ಹವಳ ಹೊಳೆಯುತ್ತಿಲ್ಲವೇ? ತೊಂದರೆ ಎಲ್ಲಿದೆ ಅಂತ ಹೀಗೆ ಹುಡುಕಿ

ರಾತ್ರಿ ಡೈವ್‌ಗೆ ಮೊದಲ ಸಲ ನೀಲಿ ಟಾರ್ಚ್ ಒಯ್ದವರ ದೂರು ಹೆಚ್ಚುಕಮ್ಮಿ ಒಂದೇ: "ವಿಡಿಯೋದಲ್ಲಿ ನೋಡಿದ ಹಾಗೆ ಏನೂ ಕಾಣಲಿಲ್ಲ." ಕೂಡಲೇ ಇನ್ನೂ ದೊಡ್ಡ ಟಾರ್ಚ್ ಕೊಳ್ಳೋಣ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ನಾನು ನೋಡಿದ ಮಟ್ಟಿಗೆ, ಬೆಳಕು ಸಾಲದೆ ಕೆಟ್ಟ ಡೈವ್‌ಗಿಂತ ಬೇಡದ ಬೆಳಕು ಸೇರಿಕೊಂಡು ಕೆಟ್ಟ ಡೈವ್‌ಗಳೇ ಜಾಸ್ತಿ.

ಯಾಕೆ ಅಂದರೆ, ಹವಳದ ಮೈಯಲ್ಲಿರುವ ಕೆಲವು ಪ್ರೋಟೀನ್‌ಗಳು ನೀಲಿ ಬೆಳಕನ್ನು ಹೀರಿಕೊಂಡು, ಅದರಲ್ಲಿ ಸ್ವಲ್ಪವನ್ನು ಹಸಿರು, ಕಿತ್ತಳೆ ಅಥವಾ ಕೆಂಪಾಗಿ ವಾಪಸ್ ಬಿಡುತ್ತವೆ. ಹಾಗೆ ಬರುವ ಬೆಳಕು ಬಹಳ ಮಂದ. ಹವಳಕ್ಕೆ ಬಡಿದು ಹಾಗೇ ಹಿಂದಿರುಗುವ ನೀಲಿ ಅದಕ್ಕಿಂತ ಎಷ್ಟೋ ಪಟ್ಟು ಜೋರು. ಆ ನೀಲಿಯನ್ನು ತಡೆದರೆ ಮಾತ್ರ ಹೊಳಪು ಕಣ್ಣಿಗೆ ಬೀಳುತ್ತದೆ. ಮಾಸ್ಕ್ ಮೇಲೆ ಹಾಕುವ ಹಳದಿ ಫಿಲ್ಟರ್ ಇರುವುದು ಅದಕ್ಕೇ. ಟಾರ್ಚ್ ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬಿಡಬೇಕು, ಫಿಲ್ಟರ್ ಸುಮಾರು 500ಕ್ಕಿಂತ ಕೆಳಗಿನದನ್ನು ತಡೆಯಬೇಕು, ಸುತ್ತ ಕತ್ತಲೆ ಇರಬೇಕು. ಈ ಮೂರರಲ್ಲಿ ಒಂದು ಕೈಕೊಟ್ಟರೂ ಆಟ ಕೆಡುತ್ತದೆ.

## ಮೊದಲು ಎಚ್ಚರಿಕೆ

ನೀಲಿ ಟಾರ್ಚನ್ನು ಯಾರ ಕಣ್ಣಿಗೂ ನೇರ ಬಿಡಬೇಡಿ. ಕಣ್ಣಿನ ಒಳಪದರಕ್ಕೆ ಬೆಳಕಿನಿಂದ ಆಗುವ ಹಾನಿ 440 ನ್ಯಾನೋಮೀಟರ್ ಆಸುಪಾಸಿನಲ್ಲೇ ಹೆಚ್ಚು. ನಮ್ಮ ಟಾರ್ಚ್ ಬರುವುದೂ ಅದರ ಹತ್ತಿರಕ್ಕೇ. ನೀಲಿ ನಮ್ಮ ಕಣ್ಣಿಗೆ ಅಷ್ಟೇನೂ ಪ್ರಖರ ಅನ್ನಿಸುವುದಿಲ್ಲ. ಹಾಗಾಗಿ ಎಷ್ಟು ಜೋರಿದೆ ಅಂತ ಗೊತ್ತಾಗದೆ ದಿಟ್ಟಿಸಿಬಿಡುತ್ತೇವೆ. ಮೀನು, ಆಮೆಗಳ ಕಣ್ಣಿಗೂ ಬಿಡಬೇಡಿ.

ಇದು ರಾತ್ರಿ ಡೈವ್. ಮೊದಲು ಬಿಳಿ ಟಾರ್ಚ್ ಹಿಡಿದು ಕೆಲವು ರಾತ್ರಿ ಡೈವ್ ಮಾಡಿ ಅಭ್ಯಾಸವಾಗಿರಲಿ. ಬಾಯನ್ಸಿ, ಅಂದರೆ ಮುಳುಗದೆ ಮೇಲೇಳದೆ ನೀರಲ್ಲಿ ತೇಲಿ ನಿಲ್ಲುವ ಹಿಡಿತ, ಕೈಗೆ ಬಂದಿರಲಿ. ನೀಲಿ ಬೆಳಕಲ್ಲಿ ಮುಳ್ಳಿನ ಅರ್ಚಿನ್, ಬಂಡೆಯ ಅಂಚು ಸರಿಯಾಗಿ ಕಾಣುವುದಿಲ್ಲ. ಪ್ರತಿಯೊಬ್ಬರ ಹತ್ತಿರವೂ ನೀಲಿಯ ಜೊತೆಗೆ ಒಂದು ಬಿಳಿ ಟಾರ್ಚ್, ಇನ್ನೊಂದು ಚಿಕ್ಕ ಬಿಳಿ ಟಾರ್ಚ್ ಇರಲೇಬೇಕು.

## ನೀರಿಗಿಳಿಯುವ ಮುಂಚೆ ಅಡುಗೆಮನೆಯಲ್ಲೇ ನೋಡಿ

ಇದಕ್ಕೆ ದುಡ್ಡು ಖರ್ಚಿಲ್ಲ. ಅರ್ಧಕ್ಕರ್ಧ ತೊಂದರೆ ಇಲ್ಲೇ ಸಿಕ್ಕಿಬೀಳುತ್ತದೆ. ರಾತ್ರಿ ದೀಪ ಆರಿಸಿ, ಕಿಟಕಿ ಪರದೆ ಎಳೆದು, ಹಳದಿ ಫಿಲ್ಟರ್ ಕಣ್ಣಿಗೆ ಹಿಡಿದು ಮಾಡಿ. ಡೈವ್ ಟಾರ್ಚ್‌ಗಳು ತಣ್ಣಗಿರುವುದು ಸುತ್ತಲಿನ ನೀರಿನಿಂದ. ಗಾಳಿಯಲ್ಲಿ ಕೆಲವು ಸೆಕೆಂಡು ಹಚ್ಚಿ ಆರಿಸಿ, ಉರಿಯುತ್ತಾ ಬಿಡಬೇಡಿ.

ಮೊದಲು ಒಂದು ಸ್ಟೀಲ್ ತಟ್ಟೆ. ಅದನ್ನು ಬೋರಲು ಹಾಕಿ, ಹೊಳಪು ಕಮ್ಮಿ ಇರುವ ಹಿಂಭಾಗಕ್ಕೆ ಓರೆಯಾಗಿ ಬೆಳಕು ಬಿಡಿ. ಪ್ರತಿಫಲನ ನೇರ ಕಣ್ಣಿಗೆ ಬರಬಾರದು. ಸ್ಟೀಲ್ ತಾನಾಗಿ ಹೊಳೆಯುವ ವಸ್ತು ಅಲ್ಲ. ಆದ್ದರಿಂದ ಫಿಲ್ಟರ್ ಮೂಲಕ ತಟ್ಟೆ ಹೆಚ್ಚುಕಮ್ಮಿ ಕಪ್ಪಾಗಿ ಕಾಣಬೇಕು. ಕಪ್ಪಾಗಿದ್ದರೆ ಟಾರ್ಚ್ ಮತ್ತು ಫಿಲ್ಟರ್ ಜೋಡಿ ಸರಿಯಿದೆ. ನೀಲಿಯಾಗಿ ಕಂಡರೆ ಫಿಲ್ಟರ್ ಸಾಲದು. ಹಸಿರಾಗಿ ಕಂಡರೆ ಟಾರ್ಚ್ ನೀಲಿಯ ಜೊತೆ ಹಸಿರನ್ನೂ ಬಿಡುತ್ತಿದೆ. ಇದಕ್ಕೆ ಬಿಳಿ ಕಾಗದ ಬಳಸಬೇಡಿ. ಕಾಗದಕ್ಕೆ ಹಾಕುವ ಬಿಳುಪಿನ ರಾಸಾಯನಿಕಗಳು ತಾವೇ ಹೊಳೆದು ದಾರಿ ತಪ್ಪಿಸಬಹುದು.

ಆಮೇಲೆ ಅರಿಶಿನ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಹಾಕಿ ಕಲಸಿ, ಹತ್ತು ನಿಮಿಷ ಬಿಡಿ. ಪುಡಿ ತಳಕ್ಕೆ ಇಳಿದು ಮೇಲೆ ತಿಳಿ ಹಳದಿ ಎಣ್ಣೆ ನಿಲ್ಲುತ್ತದೆ. ನೀಲಿ ಬೆಳಕು ಬಿದ್ದ ಕೂಡಲೇ ಆ ಎಣ್ಣೆ ಹಸಿರು ಹಳದಿಯಾಗಿ ಎದ್ದು ಕಾಣಬೇಕು. ಮೆಡಿಕಲ್ ಶಾಪ್‌ನ ಬಿ-ಕಾಂಪ್ಲೆಕ್ಸ್ ಮಾತ್ರೆಯನ್ನು ನೀರಲ್ಲಿ ಕರಗಿಸಿದರೂ ಆಯ್ತು. ಅದರಲ್ಲಿರುವ ರೈಬೋಫ್ಲೇವಿನ್ 450 ನ್ಯಾನೋಮೀಟರ್ ಹತ್ತಿರದ ನೀಲಿಗೇ ಚೆನ್ನಾಗಿ ಹೊಳೆಯುತ್ತದೆ. ಕೆಂಪು ನೋಡಬೇಕಾದರೆ ಪಾಲಕ್ ಎಲೆ ಜಜ್ಜಿ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ. ದೀಪದ ಬೆಳಕಲ್ಲಿ ಗಾಢ ಹಸಿರಾಗಿದ್ದ ಆ ರಸ ನೀಲಿ ಬೆಳಕಿಗೆ ರಕ್ತಗೆಂಪಾಗುತ್ತದೆ. ಮೊದಲ ಸಲ ನೋಡಿದವರಿಗೆ ನಂಬಿಕೆಯೇ ಬರುವುದಿಲ್ಲ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆಯಿಂದ ದೂರ ಇಟ್ಟುಕೊಂಡು ಮಾಡಿ.

ತಟ್ಟೆ ಕಪ್ಪು, ಅರಿಶಿನ ಹಸಿರು, ಪಾಲಕ್ ಕೆಂಪು. ಮೂರೂ ಹೀಗಿದ್ದರೆ ನಿಮ್ಮ ಸಾಮಾನಲ್ಲಿ ದೋಷ ಇಲ್ಲ. ನೀರೊಳಗೆ ಏನಾದರೂ ತೊಂದರೆ ಆದರೆ ಅದು ಜಾಗದ್ದು, ಕತ್ತಲೆಯದ್ದು ಅಥವಾ ಬಳಸುವ ರೀತಿಯದ್ದು.

## ಎಲ್ಲವೂ ಬರೀ ನೀಲಿಯಾಗಿ ಕಾಣುತ್ತಿದೆ

ಮಾಸ್ಕ್ ಮೇಲಿನ ಹಳದಿ ಫಿಲ್ಟರ್ ಇಳಿಸಿದ್ದೀರಾ ನೋಡಿ. ನೀರಿಗೆ ಹಾರುವಾಗ ಅದನ್ನು ಮೇಲಕ್ಕೆ ಮಡಚಿ ಹಾಗೇ ಮರೆಯುವುದು ಸಾಮಾನ್ಯ. ಇಳಿಸಿದ್ದರೂ ನೀಲಿ ಬರುತ್ತಿದ್ದರೆ ಬದಿಯಿಂದ ನುಗ್ಗುತ್ತಿರಬಹುದು. ಪಾರದರ್ಶಕ ಸಿಲಿಕೋನ್ ಇರುವ ಮಾಸ್ಕ್‌ಗಳಲ್ಲಿ ಜೊತೆಗಾರನ ಟಾರ್ಚ್ ಬೆಳಕು ಪಕ್ಕದಿಂದ ಒಳಗೆ ಬರುತ್ತದೆ. ಕಪ್ಪು ಸಿಲಿಕೋನ್ ಮಾಸ್ಕ್ ಇದ್ದರೆ ಅದನ್ನೇ ಹಾಕಿ. ಫಿಲ್ಟರ್ ಮತ್ತು ಗಾಜಿನ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಒಂದು ಸಲ ಎತ್ತಿ ಇಳಿಸಿದರೆ ಹೋಗುತ್ತದೆ.

## ಫಿಲ್ಟರ್ ಹಾಕಿದ್ದೇನೆ, ಆದರೆ ಬರೀ ಕತ್ತಲೆ

ಹತ್ತಿರ ಹೋಗಿ. ಮೊದಲ ಮದ್ದು ಇದೇ. ಬಿಳಿ ಟಾರ್ಚ್‌ನಲ್ಲಿ ನಾಲ್ಕೈದು ಮೀಟರ್ ದೂರದಿಂದ ನೋಡಿ ಅಭ್ಯಾಸ ಆಗಿರುತ್ತದೆ. ಇಲ್ಲಿ ಅರ್ಧ ಮೀಟರ್‌ನಿಂದ ಒಂದು ಮೀಟರ್ ಒಳಗೆ ಬನ್ನಿ, ಆದರೆ ಫಿನ್ ಹವಳಕ್ಕೆ ತಾಗದ ಹಾಗೆ.

ಕಣ್ಣಿಗೂ ಸಮಯ ಕೊಡಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಪಕ್ಕದವರು ಒಂದು ಸಲ ಮುಖಕ್ಕೆ ಬಿಳಿ ಟಾರ್ಚ್ ಬಿಟ್ಟರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಆದ್ದರಿಂದ ಗುಂಪಿನಲ್ಲಿ ಎಲ್ಲರೂ ನೀಲಿ ಹಿಡಿದಿರಬೇಕು, ಇಲ್ಲವೇ ಬಿಳಿ ಗುಂಪು ಬೇರೆ ಕಡೆ ಹೋಗಬೇಕು. ಇದನ್ನು ದೋಣಿಯಲ್ಲೇ ಮಾತಾಡಿಕೊಳ್ಳಿ. ನೀರೊಳಗೆ ಕೈಸನ್ನೆಯಲ್ಲಿ ಬಗೆಹರಿಯುವ ವಿಷಯ ಅಲ್ಲ ಇದು.

ಸಂಜೆ ಬೆಳಕು ಇನ್ನೂ ಇದ್ದರೆ ಕಾಯಿರಿ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವವರು ಸಾಮಾನ್ಯವಾಗಿ ಹಗಲಲ್ಲೇ ಮುಳುಗಿ ಬರುತ್ತಾರೆ. ಅಲ್ಲಿ ನೀಲಿ ಟಾರ್ಚ್ ಒಯ್ದರೆ ಬಂಡೆಯ ಅಡಿ, ಕತ್ತಲೆ ಸಂದಿ ಬಿಟ್ಟರೆ ಬೇರೆ ಕಡೆ ನಿರಾಸೆಯೇ. ಈ ಹುಚ್ಚು ಇರುವ ನಮ್ಮವರು ರಾತ್ರಿ ಡೈವ್ ಸಿಗುವ ಅಂಡಮಾನಿನ ಸ್ವರಾಜ್ ದ್ವೀಪದಂಥ ಕಡೆಗೆ ಹೋಗುವುದು ಒಳ್ಳೆಯದು. ಹಳೆಯ ಹ್ಯಾವ್‌ಲಾಕ್ ಅದೇ. ಎಲ್ಲೇ ಆದರೂ ರಾತ್ರಿ ಇಳಿಯಲು ಅನುಮತಿ ಇದೆಯಾ ಅಂತ ಡೈವ್ ಸೆಂಟರ್‌ನಲ್ಲಿ ಮೊದಲೇ ಕೇಳಿ.

ಇಷ್ಟೆಲ್ಲ ಸರಿಯಿದ್ದೂ ಎದುರಿನ ಹವಳ ಹೊಳೆಯಲಿಲ್ಲ ಅಂದರೆ, ಅದು ಹೊಳೆಯದ ಹವಳ ಇರಬಹುದು. ಎಲ್ಲ ಹವಳಗಳೂ ಹೊಳೆಯುವುದಿಲ್ಲ. ಒಂದೇ ಜಾತಿಯ ಎರಡು ಹವಳ ಅಕ್ಕಪಕ್ಕ ಇದ್ದು, ಒಂದು ಧಗಧಗ ಹಸಿರು, ಇನ್ನೊಂದು ಮಂಕಾಗಿ ಇರುವುದೂ ಉಂಟು. ಮಿದುಳಿನ ಸುರುಳಿಯಂತಿರುವ ಗಟ್ಟಿ ಹವಳಗಳನ್ನು ಹುಡುಕಿ. ಅಣಬೆ ಹವಳದ ಮಧ್ಯದ ಬಾಯಿಯ ಸೀಳು ನೋಡಿ, ಸಮುದ್ರ ಹೂಗಳನ್ನೂ ನೋಡಿ. ಕೆಲವು ಮಿಲಿಮೀಟರ್ ಅಷ್ಟೇ ಇರುವ ಮರಿ ಹವಳಗಳು ಬಿಳಿ ಬೆಳಕಲ್ಲಿ ಬಂಡೆಯೊಳಗೆ ಬೆರೆತು ಕಾಣುವುದೇ ಇಲ್ಲ. ನೀಲಿ ಬಿಟ್ಟರೆ ಹಸಿರು ಚುಕ್ಕೆಯಾಗಿ ಎದ್ದು ಬರುತ್ತವೆ. ಸಂಶೋಧಕರು ಮರಿ ಹವಳ ಎಣಿಸಲು ಇದೇ ಉಪಾಯ ಬಳಸುತ್ತಾರೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ನೋಟ ಅದೇ.

## ಮರಳು, ಬಂಡೆ, ಮೀನು ಎಲ್ಲವೂ ಹಸಿರು ಹಸಿರು

ಇದು ಅತಿ ಹೆಚ್ಚು ಜನರನ್ನು ಮೋಸ ಮಾಡುವ ಲಕ್ಷಣ. ಚೆನ್ನಾಗಿ ಹೊಳೆಯುತ್ತಿದೆ ಅಂದುಕೊಂಡು ಖುಷಿಪಡುತ್ತಾರೆ. ಮರಳೆಲ್ಲ ಒಂದೇ ಸಮ ಹಸಿರಾಗಿ ಕಂಡರೆ ಅದು ಹೊಳಪಲ್ಲ, ಟಾರ್ಚ್‌ನಿಂದ ಸೋರಿ ಬಂದ ಹಸಿರು.

ನೀಲಿ ಎಲ್‌ಇಡಿ ಕೂಡ ಶುದ್ಧ ನೀಲಿ ಅಲ್ಲ. ಅದರ ಬೆಳಕಿಗೆ ಹಸಿರಿನ ಕಡೆಗೆ ಒಂದು ಬಾಲ ಇರುತ್ತದೆ. ಆ ಬಾಲ ಹಳದಿ ಫಿಲ್ಟರನ್ನು ಸಲೀಸಾಗಿ ದಾಟುತ್ತದೆ. 470 ನ್ಯಾನೋಮೀಟರ್ ಎಲ್‌ಇಡಿಯಲ್ಲಿ ಈ ತೊಂದರೆ 450ರದ್ದಕ್ಕಿಂತ ಜಾಸ್ತಿ. ಬಿಳಿ ಟಾರ್ಚ್‌ಗೆ ನೀಲಿ ಗಾಜಿನ ಕಾಗದ ಸುತ್ತಿದ್ದರೆ ಕೇಳುವುದೇ ಬೇಡ, ಅರ್ಧ ಬೆಳಕು ಸೋರಿಕೆಯೇ. ಇಲ್ಲಿ ಟಾರ್ಚ್‌ನ ಶಕ್ತಿ ಹೆಚ್ಚಿಸಿದರೆ ಸೋರಿಕೆಯೂ ಅಷ್ಟೇ ಹೆಚ್ಚುತ್ತದೆ. ಏನೂ ಲಾಭ ಇಲ್ಲ.

ಪರಿಹಾರ ಟಾರ್ಚ್ ಮುಂದೆ ಹಾಕುವ ಇನ್ನೊಂದು ಫಿಲ್ಟರ್. ನೀಲಿಯನ್ನು ಮಾತ್ರ ಹೊರಗೆ ಬಿಡುವ ಡೈಕ್ರೋಯಿಕ್ ಗಾಜು ಅದು. ದುಬಾರಿ ನಿಜ. ಆದರೆ ಸಾವಿರಾರು ಲ್ಯೂಮೆನ್‌ನ ಹೊಸ ಟಾರ್ಚ್‌ಗಿಂತ ಇದಕ್ಕೆ ಹಾಕಿದ ದುಡ್ಡು ಕೆಲಸಕ್ಕೆ ಬರುತ್ತದೆ. ಒಂದು ಮಾತು ಗಮನದಲ್ಲಿರಲಿ: ಈ ಗಾಜು ನೇರ ಬರುವ ಬೆಳಕನ್ನು ಚೆನ್ನಾಗಿ ಸೋಸುತ್ತದೆ, ಓರೆಯಾಗಿ ಬರುವುದನ್ನು ಅಷ್ಟು ಚೆನ್ನಾಗಿ ಸೋಸುವುದಿಲ್ಲ. ಅಗಲ ಕಿರಣದ ಟಾರ್ಚ್‌ನಲ್ಲಿ ನಡುವೆ ಕಪ್ಪು, ಅಂಚಿನಲ್ಲಿ ಮಾತ್ರ ಸೋರಿಕೆ ಕಂಡರೆ ಕಾರಣ ಅದೇ ಇರಬಹುದು. ಆಗ ಕಿರಿದಾದ ಕಿರಣ ಇಟ್ಟುಕೊಳ್ಳಿ.

ಗಾಜು ಸರಿಯಿದ್ದರೂ ಮಬ್ಬು ಹೋಗದಿದ್ದರೆ ಮಾಸ್ಕ್‌ನ ಹಳದಿ ಫಿಲ್ಟರ್ ಮೇಲೇ ನೀಲಿ ಬೆಳಕು ಬಿಟ್ಟು, ದೂರ ಹಿಡಿದು ನೋಡಿ. ಅಗ್ಗದ ಕೆಲವು ಹಳದಿ, ಕಿತ್ತಳೆ ಪ್ಲಾಸ್ಟಿಕ್‌ಗಳು ತಾವೇ ಹೊಳೆಯುತ್ತವೆ. ಅಂಚು ಮಿರಮಿರ ಅಂದರೆ ಆ ಫಿಲ್ಟರ್ ಬದಲಾಯಿಸಿ.

## ಟಾರ್ಚ್ ನೇರಳೆ ಬಣ್ಣ, ಹೊಳಪು ಅಲ್ಲಲ್ಲಿ ಮಾತ್ರ

ನಿಮ್ಮದು ಯುವಿ (ಅತಿನೇರಳೆ) ಟಾರ್ಚ್ ಇರಬೇಕು. ಕೇಳಿದ್ದು ಒಂದು, ಬಂದದ್ದು ಒಂದು ಆಗುವುದು ಆನ್‌ಲೈನ್ ಖರೀದಿಯಲ್ಲಿ ಹೊಸದೇನಲ್ಲ. ಟಾನಿಕ್ ವಾಟರ್ ಬಾಟಲಿಗೆ ಬಿಡಿ. ಅದರಲ್ಲಿರುವ ಕ್ವಿನೈನ್ ಯುವಿಗೆ ತಿಳಿ ನೀಲಿಯಾಗಿ ಹೊಳೆಯುತ್ತದೆ, 450ರ ನೀಲಿಗೆ ಹಾಗೆ ಹೊಳೆಯುವುದಿಲ್ಲ.

ಯುವಿಯಲ್ಲಿ ಹವಳ ಹೊಳೆಯುವುದೇ ಇಲ್ಲ ಅಂತಲ್ಲ. 1950ರ ದಶಕದಲ್ಲಿ ನ್ಯೂ ಕ್ಯಾಲೆಡೋನಿಯದ ನೂಮೇಯ ಅಕ್ವೇರಿಯಂನಲ್ಲಿ ರೆನೆ ಕಟಾಲಾ ಹವಳಗಳ ಹೊಳಪನ್ನು ಲೋಕಕ್ಕೆ ತೋರಿಸಿದ್ದು ಯುವಿ ದೀಪದಿಂದಲೇ. ಆದರೆ ಹವಳದ ಹೆಚ್ಚಿನ ಪ್ರೋಟೀನ್‌ಗಳು ಚೆನ್ನಾಗಿ ಹೀರುವುದು ನೀಲಿಯನ್ನು. ಯುವಿ ಕಣ್ಣಿಗೆ ಕಾಣದೆಯೇ ಹಾನಿ ಮಾಡುತ್ತದೆ. ಡೈವ್‌ಗೆ ನೀಲಿಯೇ ಸರಿ.

## ಹಸಿರು ಸಿಗುತ್ತದೆ, ಕೆಂಪು ಸಿಗುವುದಿಲ್ಲ

ಇದು ಬಹುಪಾಲು ದೋಷವೇ ಅಲ್ಲ. ನೀಲಿಗೆ ಸುಲಭವಾಗಿ ಹೊಳೆಯುವುದು ಹಸಿರು ಪ್ರೋಟೀನ್‌ಗಳು. ಕೆಲವು ಕೆಂಪು ಪ್ರೋಟೀನ್‌ಗಳಿಗೆ ಹಸಿರು ಬೆಳಕು ಬೇಕು. 1999ರಲ್ಲಿ ಡಿಸ್ಕೋಸೋಮಾ ಎಂಬ ಹವಳದ ಬಂಧುವಿನಿಂದ ಹೊರತೆಗೆದ ಪ್ರಸಿದ್ಧ ಕೆಂಪು ಪ್ರೋಟೀನ್ ಅಂಥದ್ದೇ. ಜೊತೆಗೆ ನೀರು ಕೆಂಪನ್ನು ಬೇಗ ನುಂಗುತ್ತದೆ, ಹಾಗಾಗಿ ಇನ್ನೂ ಹತ್ತಿರ ಹೋಗಬೇಕು. ಬಂಡೆ ತುಂಬ ಮಂಕು ಗಾಢಗೆಂಪು ಹರಡಿದ್ದರೆ ಅದು ಹವಳದ್ದಲ್ಲ, ಪಾಚಿಯ ಪತ್ರಹರಿತ್ತಿನದು. ಅಡುಗೆಮನೆಯಲ್ಲಿ ನೋಡಿದ ಪಾಲಕ್ ಕೆಂಪೇ ಅದು. ಜೊತೆಗಾರನಿಗೆ ಕೆಂಪು ಸ್ಪಷ್ಟ, ನಿಮಗೆ ಮಾತ್ರ ಇಲ್ಲ ಅಂದರೆ ಕಣ್ಣಿನ ಡಾಕ್ಟರ ಹತ್ತಿರ ಬಣ್ಣಗುರುಡಿನ ಪರೀಕ್ಷೆ ಮಾಡಿಸಿ.

## ಕಣ್ಣಿಗೆ ಚೆನ್ನಾಗಿದೆ, ಫೋಟೋದಲ್ಲಿ ಇಲ್ಲ

ಫೋಟೋ ಪೂರ್ತಿ ನೀಲಿ ಬಂದಿದ್ದರೆ ಲೆನ್ಸ್ ಮುಂದೆ ಹಳದಿ ಫಿಲ್ಟರ್ ಇಲ್ಲ ಅಂತ ಅರ್ಥ. ಮಾಸ್ಕ್‌ಗೆ ಹಾಕಿದ್ದು ಕ್ಯಾಮೆರಾಗೆ ಲೆಕ್ಕಕ್ಕಿಲ್ಲ. ಹಗಲು ಡೈವ್‌ಗೆ ಹಾಕುವ ಕೆಂಪು ಫಿಲ್ಟರ್ ಲೆನ್ಸ್ ಮೇಲೇ ಉಳಿದಿದ್ದರೆ ಅದನ್ನು ತೆಗೆಯಿರಿ.

ಬಣ್ಣ ಬಂದಿದೆ, ಆದರೆ ಎಲ್ಲ ಬಿಳಿಚಿಕೊಂಡಿದೆ ಅಂದರೆ ಆಟೋ ವೈಟ್ ಬ್ಯಾಲೆನ್ಸ್ ಆರಿಸಿ, ಸುಮಾರು 5500 ಕೆಲ್ವಿನ್‌ಗೆ ಇಡಿ. ಕತ್ತಲೆ ಹಿನ್ನೆಲೆ ನೋಡಿ ಕ್ಯಾಮೆರಾ ಹಸಿರನ್ನು ಸುಟ್ಟುಬಿಡುವುದೂ ಉಂಟು. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಐಎಸ್‌ಒ 800ರಿಂದ 1600ರ ನಡುವೆ ಶುರು ಮಾಡಿ. ಫೋಕಸ್ ಹಿಂದೆಮುಂದೆ ಓಡುತ್ತಿದ್ದರೆ ಹವಳದ ಹೊಳೆಯುವ ಅಂಚಿಗೆ ಫೋಕಸ್ ಮಾಡಿ ಲಾಕ್ ಮಾಡಿ. ಫೋಕಸ್‌ಗಾಗಿ ಬಿಳಿ ದೀಪ ಹಚ್ಚಿದ್ದರೆ ಕ್ಲಿಕ್ಕಿಸುವ ಮುಂಚೆ ಆರಿಸಬೇಕು. ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಬಳಸುವವರು ಅದರ ಮುಂದೂ ನೀಲಿ ಫಿಲ್ಟರ್ ಹಾಕಬೇಕು.

## ಟಾರ್ಚ್ ಮಂಕಾಗುತ್ತದೆ, ಮಿಣುಕುತ್ತದೆ, ಆರಿಹೋಗುತ್ತದೆ

ದಡದಲ್ಲಿ ಹಚ್ಚಿದ ಒಂದೆರಡು ನಿಮಿಷಕ್ಕೆ ಮಂಕಾಗಿ, ನೀರಲ್ಲಿ ಸರಿ ಹೋದರೆ ಅದು ಬಿಸಿಯಾದಾಗ ತಾನೇ ಕಮ್ಮಿ ಮಾಡಿಕೊಳ್ಳುವ ವ್ಯವಸ್ಥೆ. ದೋಷ ಅಲ್ಲ.

ನೀರಲ್ಲೂ ಬೇಗ ಮಂಕಾದರೆ ಸೆಲ್ ನೋಡಿ. ಮಲ್ಟಿಮೀಟರ್ ಇದ್ದರೆ ಪೂರ್ತಿ ಚಾರ್ಜ್ ಆದ ಲಿಥಿಯಂ ಸೆಲ್ 4.2 ವೋಲ್ಟ್ ಹತ್ತಿರ ತೋರಿಸಬೇಕು. ಎರಡು ಸೆಲ್ ಇರುವ ಟಾರ್ಚ್‌ನಲ್ಲಿ ಎರಡೂ ಸಮ ಇರಬೇಕು. ಹಳೆಯದರ ಜೊತೆ ಹೊಸದು ಹಾಕಬೇಡಿ. ಮಿಣುಕುತ್ತಿದ್ದರೆ ಸ್ಪ್ರಿಂಗ್ ಮತ್ತು ತುದಿಗಳಲ್ಲಿ ಹಸಿರು ಕಿಲುಬು ಇದೆಯಾ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ. ಸ್ವಿಚ್ ಸಂದಿಯಲ್ಲಿ ಮರಳು ಸಿಕ್ಕಿದ್ದರೆ ಸಿಹಿನೀರಲ್ಲಿ ನೆನೆಸಿ ಆಡಿಸಿ.

ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಪ್ರತಿ ಸಲ ನೋಡಿ. ಒಂದು ತಲೆಗೂದಲು ಅಡ್ಡ ಬಿದ್ದರೂ ನೀರು ಒಳಗೆ ಬರುತ್ತದೆ. ಟಾರ್ಚ್ ಜೊತೆ ಕೊಟ್ಟ ಗ್ರೀಸನ್ನೇ ತೆಳ್ಳಗೆ ಹಚ್ಚಿ. ಅಡುಗೆ ಎಣ್ಣೆ, ವ್ಯಾಸಲೀನ್ ಬೇಡ.

ಗಾಜಿನ ಒಳಗೆ ಹನಿ ಕಂಡರೆ ಇಲ್ಲಿಗೆ ನಿಲ್ಲಿಸಿ. ಆರಿಸಿ, ಜೊತೆಗಾರನಿಗೆ ಸನ್ನೆ ಮಾಡಿ, ಬಿಳಿ ಟಾರ್ಚ್ ಹಿಡಿದು ನಿಧಾನವಾಗಿ ಡೈವ್ ಮುಗಿಸಿ. ಉಪ್ಪುನೀರು ಸೇರಿದ ಲಿಥಿಯಂ ಸೆಲ್ ಒಳಗೆ ಗ್ಯಾಸ್ ಕಟ್ಟಿಸಬಹುದು. ಮೇಲೆ ಬಂದ ಮೇಲೆ ಟಾರ್ಚ್ ಬಿಸಿ ಇದ್ದರೆ, ಉಬ್ಬಿದ್ದರೆ, ಬುಸ್ ಅಂತ ಸದ್ದು ಬಂದರೆ ಮುಟ್ಟಬೇಡಿ. ಜನರಿಂದ, ಸಿಲಿಂಡರ್‌ಗಳಿಂದ ದೂರ, ತೆರೆದ ಜಾಗದಲ್ಲಿ ಇರಲಿ. ತಣ್ಣಗಿದ್ದರೂ ಮುಚ್ಚಳ ತಿರುಗಿಸುವಾಗ ಯಾರ ಮುಖದ ಕಡೆಗೂ ಹಿಡಿಯಬೇಡಿ. ಆ ಸೆಲ್ ಒಣಗಿಸಿ ಮತ್ತೆ ಚಾರ್ಜ್‌ಗೆ ಹಾಕುವ ಮಾತೇ ಬೇಡ. ಟಾರ್ಚನ್ನು ಸರ್ವಿಸ್‌ಗೆ ಕೊಡಿ. ವಿಮಾನದಲ್ಲಿ ಹೋಗುವಾಗ ಬಿಡಿ ಸೆಲ್‌ಗಳು ತುದಿಗೆ ಟೇಪ್ ಅಂಟಿಸಿಕೊಂಡು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಅಲ್ಲ.

## ಗೇಜ್ ಕಾಣುತ್ತಿಲ್ಲ, ತಲೆ ತಿರುಗಿದ ಹಾಗಿದೆ

ಹಳದಿ ಫಿಲ್ಟರ್ ಮೂಲಕ ಡೈವ್ ಕಂಪ್ಯೂಟರ್‌ನ (ಆಳ, ಸಮಯ ತೋರಿಸುವ ಸಾಧನ) ನೀಲಿ ಅಕ್ಷರಗಳು ಮಾಯವಾಗುತ್ತವೆ. ಇದನ್ನು ದಡದಲ್ಲೇ ಪರೀಕ್ಷಿಸಿ, ಆಗುವುದಾದರೆ ಪರದೆಯ ಬಣ್ಣ ಬದಲಿಸಿಕೊಳ್ಳಿ. ಗೇಜ್‌ನಲ್ಲಿ ಗಾಳಿ ಎಷ್ಟಿದೆ ಅಂತ ನೋಡುವಾಗ ಫಿಲ್ಟರ್ ಎತ್ತಿ, ಬಿಳಿ ಬೆಳಕಲ್ಲಿ ನೋಡಿ. ಹೊಳಪು ನೋಡುತ್ತಾ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅದಕ್ಕೇ ಕೆಲವು ನಿಮಿಷಕ್ಕೊಮ್ಮೆ ಕಡ್ಡಾಯವಾಗಿ ನೋಡಿ.

ಕತ್ತಲೆಯಲ್ಲಿ ಹೊಳೆಯುವ ಚುಕ್ಕೆ ಮಾತ್ರ ಕಂಡಾಗ ಮೇಲು ಕೆಳಗು ಗೊತ್ತಾಗದೆ ತಲೆ ಸುತ್ತಬಹುದು. ತಕ್ಷಣ ಬಿಳಿ ಟಾರ್ಚ್ ಹಚ್ಚಿ, ಫಿಲ್ಟರ್ ಎತ್ತಿ, ಗುಳ್ಳೆಗಳು ಯಾವ ಕಡೆ ಹೋಗುತ್ತಿವೆ ನೋಡಿ. ಒಂದೆರಡು ನಿಮಿಷದಲ್ಲಿ ಸರಿ ಹೋಗದಿದ್ದರೆ, ಅಥವಾ ಜೊತೆಗಾರ ಕಾಣದಿದ್ದರೆ, ಡೈವ್ ಅಲ್ಲಿಗೆ ಮುಗೀತು. ನೀವು ಮೊದಲೇ ಮಾತಾಡಿಕೊಂಡ ಕ್ರಮದಲ್ಲಿ ಮೇಲೆ ಬನ್ನಿ. ತಲೆಸುತ್ತು, ಜೋಮು, ಕೀಲುನೋವು ಮೇಲೆ ಬಂದ ಮೇಲೂ ಇದ್ದರೆ ಅದು ಬೆಳಕಿನ ವಿಷಯ ಅಲ್ಲ. ಆಕ್ಸಿಜನ್ ಕೊಡಿಸಿ, ಡೈವ್ ವೈದ್ಯರನ್ನು ಕಾಣಿ.

ಡೈವ್ ಮುಗಿದು ಫಿಲ್ಟರ್ ತೆಗೆದಾಗ ಲೋಕವೆಲ್ಲ ನೀಲಿ ಛಾಯೆಯಾಗಿ ಕಂಡರೆ ಗಾಬರಿ ಬೇಡ. ಹಳದಿಗೆ ಹೊಂದಿಕೊಂಡ ಕಣ್ಣು ಸ್ವಲ್ಪ ಹೊತ್ತಿನಲ್ಲಿ ಸರಿಯಾಗುತ್ತದೆ. ನೋಟದ ನಡುವೆ ಕಲೆ ಉಳಿದರೆ, ಅಕ್ಷರ ಡೊಂಕಾಗಿ ಕಂಡರೆ ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

## ಹವಳವೇ ವಿಚಿತ್ರವಾಗಿ ಹೊಳೆಯುತ್ತಿದೆ

ಹೊಳಪು ಜೋರಾಗಿದ್ದರೆ ಹವಳ ಆರೋಗ್ಯವಾಗಿದೆ ಅಂತಲ್ಲ. ನೀರು ಬಿಸಿಯಾಗಿ, ಹವಳದ ಮೈಯೊಳಗೇ ಬದುಕುವ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಂಡಾಗ ಕೆಲವು ಹವಳಗಳು ಬಣ್ಣದ ಪ್ರೋಟೀನ್ ಇನ್ನೂ ಜಾಸ್ತಿ ಮಾಡಿಕೊಳ್ಳುತ್ತವೆ. ಫಿಲ್ಟರ್ ಇಲ್ಲದೆ, ಹಗಲು ಬೆಳಕಲ್ಲೇ ಗುಲಾಬಿ, ನೇರಳೆ, ಹಳದಿಯಾಗಿ ಮಿಂಚುತ್ತವೆ. ಅದು ಸಂಕಟದ ಬಣ್ಣ. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹವಳ ಬಿಳಿಚಿಕೆ ನಾಲ್ಕನೇ ಸಲ ನಡೆಯುತ್ತಿದೆ ಎಂದು ಘೋಷಣೆಯಾಯಿತು. ಆ ಬೇಸಿಗೆಯಲ್ಲಿ ನಮ್ಮ ಲಕ್ಷದ್ವೀಪದ ಹವಳಗಳೂ ಬೆಂದವು.

ನೀಲಿ ಬೆಳಕಲ್ಲಿ ಅನುಮಾನ ಬಂದರೆ ಬಿಳಿ ಟಾರ್ಚ್‌ನಲ್ಲಿ ಅದೇ ಹವಳ ನೋಡಿ. ಬಿಳಿಯಾಗಿ ಅಸ್ಥಿ ಕಾಣುತ್ತಿದ್ದರೆ, ಅಥವಾ ಪಾಚಿಯ ಗಾಢಗೆಂಪು ಹೊಳಪು ಪೂರ್ತಿ ಇಲ್ಲವಾಗಿದ್ದರೆ, ನೀಲಿಯಲ್ಲೊಂದು ಬಿಳಿಯಲ್ಲೊಂದು ಫೋಟೋ ತೆಗೆಯಿರಿ. ಮುಟ್ಟಬೇಡಿ, ಚೂರೂ ಮುರಿದು ತರಬೇಡಿ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ತಾರೀಕು, ಆಳ, ನೀರಿನ ಉಷ್ಣತೆ ಬರೆದು ಫೋಟೋ ಜೊತೆ ಡೈವ್ ಸೆಂಟರ್‌ಗೆ ಕೊಡಿ. ಉಷ್ಣತೆ ನಿಮ್ಮ ಡೈವ್ ಕಂಪ್ಯೂಟರ್‌ನಲ್ಲೇ ದಾಖಲಾಗಿರುತ್ತದೆ.